ಒಂಬತ್ತೂವರೆ ಅಂಗೈ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಯಾರ ಸೀರೆಯ ಮೇಲೂ ಹೊಟ್ಟೆಕಿಚ್ಚುಪಟ್ಟವಳಲ್ಲ, ಯಾರ ಬೋರಮಾಳದ ಮೇಲೂ ಅಲ್ಲ. ಹೊಟ್ಟೆಕಿಚ್ಚುಪಟ್ಟದ್ದು ಒಂದು ಅಂಗೈಯ ಮೇಲೆ. ಅದು ನನ್ನ ಗಂಡನ ಅಣ್ಣನ ಹೆಂಡತಿ ನೀಲಕ್ಕನದು. ಈ ಸಂಬಂಧಕ್ಕೆ ನಮ್ಮ ಕಡೆ ನೆಗೆಣ್ಣಿ ಎನ್ನುತ್ತಾರೆ. ಒಂದೇ ಒಲೆಯ ಮುಂದೆ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿ, ಒಬ್ಬಳ ಸಾರನ್ನು ಇನ್ನೊಬ್ಬಳ ಸಾರಿನೊಡನೆ ದಿನಕ್ಕೆ ಎರಡು ಹೊತ್ತು ಹೋಲಿಸಿ ನೋಡುವ ಸಂಬಂಧ ಅದು. ಅದರಲ್ಲಿ ಹೊಟ್ಟೆಕಿಚ್ಚು ಹುಟ್ಟದಿದ್ದರೆ ಸಾರಿನಲ್ಲೇ ಏನೋ ಕೊರತೆ ಇದೆ ಎಂದು ತಿಳಿಯಬೇಕು.

ನನ್ನ ಕೈ ಸಣ್ಣದು. ನನ್ನ ತವರು ಕುಬಿಹಾಳದಲ್ಲಿ ಅದು ಯಾರಿಗೂ ಊನವಾಗಿ ಕಂಡಿರಲಿಲ್ಲ. ನನಗೆ ಮಾತು ಕಲಿಸಿದ ಅಜ್ಜಿ ನನ್ನ ಎರಡೂ ಅಂಗೈ ಹಿಡಿದು "ಗುಬ್ಬಿ ಕೂಡಾಕ ಇಷ್ಟ ಸಾಕು" ಎನ್ನುತ್ತಿದ್ದಳು, ನಾನು ಅದನ್ನು ಹೊಗಳಿಕೆ ಎಂದುಕೊಂಡೇ ಬೆಳೆದೆ. ಮೊರಬಕ್ಕೆ ಸೊಸೆಯಾಗಿ ಬಂದ ಮೇಲೆ ತಿಳಿಯಿತು, ಆ ಮನೆಯಲ್ಲಿ ಎಲ್ಲದಕ್ಕೂ ಅಳತೆ ಎಂದರೆ ಕೈ, ಮತ್ತು ಆ ಕೈ ನೀಲಕ್ಕನದು.

ನೀಲಕ್ಕ ಎತ್ತರದ ಹೆಂಗಸು. ಅಗಲವಾದ ಹೆಗಲು, ಅದಕ್ಕೆ ತಕ್ಕ ಅಂಗೈ. ಅವಳು ಜೋಳದ ಹಿಟ್ಟಿನ ಉಂಡೆಯನ್ನು ತಟ್ಟಲು ಕೂತರೆ ಹಿಟ್ಟು ಹೆದರಿ ತಾನಾಗಿಯೇ ಹರಡಿಕೊಳ್ಳುತ್ತಿತ್ತು. ನಾನು ತಟ್ಟಿದ ರೊಟ್ಟಿಯನ್ನು ಮಾವನವರು ಒಮ್ಮೆ ತಾಟಿನಿಂದ ಎತ್ತಿ ಹಿಡಿದು, "ಇದು ರೊಟ್ಟೀನೊ, ರೊಟ್ಟಿ ಹೆಂಗಿರತೈತಿ ಅಂತ ತೋರ್ಸಾಕ ಮಾಡಿದ್ದೊ?" ಎಂದು ಕೇಳಿದ್ದರು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಹಸಿವಿನಿಂದ ಕೇಳಿದರು. ಉಪ್ಪಿನ ಕತೆ ಇನ್ನೂ ಕಷ್ಟದ್ದು. ಅತ್ತೆ "ಒಂದು ಹಿಡಿ ಹಾಕು" ಎನ್ನುತ್ತಿದ್ದರು. ನಾನು ಒಂದು ಹಿಡಿ ಹಾಕುತ್ತಿದ್ದೆ, ಸಾರು ಸಪ್ಪೆ. ಮರುದಿನ ಜಾಣತನ ಮಾಡಿ ಎರಡು ಹಿಡಿ ಹಾಕುತ್ತಿದ್ದೆ, ಸಾರು ಉಪ್ಪು. ನನ್ನ ಒಂದಕ್ಕೂ ಎರಡಕ್ಕೂ ನಡುವೆ ಎಲ್ಲೋ ನೀಲಕ್ಕನ ಒಂದು ಹಿಡಿ ಇತ್ತು. ನನ್ನ ಮದುವೆಯ ಮೊದಲ ಮೂರು ವರ್ಷ ಅದನ್ನು ಹುಡುಕುವುದರಲ್ಲೇ ಕಳೆದವು.

ಇಷ್ಟಾದರೂ ನನ್ನ ಕೈ ಮನೆಗೆ ಉಪಯೋಗಕ್ಕೆ ಬಾರದೆ ಇರಲಿಲ್ಲ. ಅತ್ತೆ ಬಹಳ ಲೆಕ್ಕಾಚಾರದ ಹೆಣ್ಣುಮಗಳು. ಶೇಂಗಾ ಬಿಡಿಸಲು ಬಂದ ಹೆಣ್ಣಾಳುಗಳಿಗೆ ಸಂಜೆ ಹೋಗುವಾಗ ಒಂದೊಂದು ಬೊಗಸೆ ಶೇಂಗಾ ಉಡಿಗೆ ಹಾಕಿ ಕಳಿಸುವುದು ನಮ್ಮಲ್ಲಿ ಪದ್ಧತಿ. ಆ ಹೊತ್ತಿಗೆ ಸರಿಯಾಗಿ ಅತ್ತೆ ಕೂಗುತ್ತಿದ್ದರು: "ಗಿರಿಜಾ, ನೀ ಹಾಕು ಬಾ. ನಿನ್ನ ಕೈಲೆ ಛಲೋ ಅಕ್ಕೈತಿ." ನನ್ನನ್ನು ಕಂಡ ಕೂಡಲೇ ಹೆಣ್ಣಾಳುಗಳ ಮುಖ ಬಾಡುತ್ತಿತ್ತು. "ಯಾಕ್ರೀ ಯವ್ವಾ, ದೊಡ್ಡ ಸೊಸಿ ಎಲ್ಲಿ ಹೋಗ್ಯಾಳ? ಆರಾಮ ಅದಾಳಿಲ್ಲೊ?" ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದರು. ನಾನು ತುಂಬಿದ ಬೊಗಸೆಯೇ ಹಾಕುತ್ತಿದ್ದೆ. ನನ್ನ ಬೊಗಸೆ ತುಂಬುವುದೇ ಅಷ್ಟಕ್ಕೆ. ಆದರೆ ಊರಲ್ಲಿ ನೀಲಕ್ಕ ದೊಡ್ಡ ಕೈಯವಳಾದಳು, ನಾನು ಜಿಪುಣಿಯಾದೆ. ಮನಸ್ಸಿನ ಅಗಲವನ್ನು ಬಿಚ್ಚಿ ತೋರಿಸಲು ನಾನೇನು ಚಾಪೆಯೇ?

ಇನ್ನು ಕೊಳ್ಳುವ ವ್ಯವಹಾರ. ನವಲಗುಂದದ ಸಂತೆಯಲ್ಲಿ ಹೂವು ಮೊಳದ ಲೆಕ್ಕ, ಹಗ್ಗ ಮಾರಿನ ಲೆಕ್ಕ. ಅದಕ್ಕೆ ಅತ್ತೆ ನಮ್ಮ ಹೊಲದ ಆಳು ಭರಮಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಭರಮಪ್ಪ ಬಾಗಿಲಲ್ಲಿ ಬಗ್ಗಿ ಬರುವ ಆಳು. ಅವನ ಒಂದು ಮೊಳ ಬೇರೆಯವರ ಒಂದೂವರೆ. ಸೇವಂತಿಗೆ ಹಾರ ಅಳೆಯಲು ಅವನು ಕೈ ಚಾಚಿದರೆ ಹೂವಿನವಳು ಎದೆ ಹಿಡಿದುಕೊಳ್ಳುತ್ತಿದ್ದಳು. "ನೀವು ಹೂವಿಗೆ ಬಂದೀರೊ, ಕುಸ್ತಿಗೆ ಬಂದೀರೊ?" ಎಂದು ಜಗಳ ತೆಗೆಯುತ್ತಿದ್ದಳು. ಅತ್ತೆ ಜಗ್ಗುತ್ತಿರಲಿಲ್ಲ. "ಕೈ ನಮ್ಮದು, ಅಳತಿ ನಮ್ಮದು" ಎಂದು ಹಾರ ಸುತ್ತಿಕೊಂಡು ಬರುತ್ತಿದ್ದರು.

ನನಗಿದ್ದ ಒಂದೇ ಸಮಾಧಾನ ಬಳೆಗಾರ. ಅವನು ಬಂದ ದಿನ ಮಾತ್ರ ನಾನು ರಾಣಿ. ಒಂದೂ ಒಡೆಯದೆ ಡಜನ್ ಬಳೆ ಜಾರಿಬಿಡುತ್ತಿದ್ದವು. ನೀಲಕ್ಕನ ಸರದಿ ಬಂದಾಗ ಸಾಬೂನು ನೀರು, ಎಣ್ಣೆ, ಬಳೆಗಾರನ ನಿಟ್ಟುಸಿರು. ನಾನು ಬೇಕೆಂದೇ ಅಲ್ಲಿಂದ ಏಳದೆ ಕೂತು ನೋಡುತ್ತಿದ್ದೆ. ವರ್ಷಕ್ಕೆ ಎರಡು ಸಲ ಸಿಗುವ ಸುಖವನ್ನು ಯಾರು ಬಿಡುತ್ತಾರೆ?

ಈಗ ಸುಟ್ಟ ಕತೆಗೆ ಬರುತ್ತೇನೆ.

ಎಂಬತ್ತರ ದಶಕದ ನಡುವಿನ ಒಂದು ವರ್ಷ. ಮನೆಯಲ್ಲಿ ಹೋಳಿಗೆ. ಗಂಡಸರೆಲ್ಲ ಕಡಲೆ ರಾಶಿಗೆಂದು ಹೊಲಕ್ಕೆ ಹೋಗಿದ್ದರು. ದೊಡ್ಡ ಬೋಗುಣಿಯಲ್ಲಿ ಬೇಳೆ ಕುದಿಯುತ್ತಿತ್ತು. ಹಬ್ಬಕ್ಕೆಂದು ಅಂಗಳದಲ್ಲಿ ಮೂರು ಕಲ್ಲು ಹೂಡಿ ಮಾಡಿದ ಒಲೆ. ಅದರ ಒಂದು ಕಲ್ಲು ಸರಿಯಿತು. ನೀಲಕ್ಕ ಒಲೆಗೆ ಬೆನ್ನು ಮಾಡಿ ಕೂತು ಹಿಟ್ಟು ನಾದುತ್ತಿದ್ದಳು. ಬೋಗುಣಿ ಓರೆಯಾಗಿ ಕುದಿಯುವ ಬೇಳೆಯ ನೀರು ಅವಳ ಬೆನ್ನ ಮೇಲೆ, ಪಕ್ಕೆಯ ಮೇಲೆ ಸುರಿಯಿತು. ಅವಳು ಕೂಗಿದ ಕೂಗು ನಾನು ಬರೆಯುವುದಿಲ್ಲ. ಬಾಜು ಮನೆಯವರು ಶಾಯಿ ತಂದರು, ಇನ್ನೊಬ್ಬರು ಮೊಸರು ತಂದರು, ಅತ್ತೆ ಸಗಣಿಯ ಹೆಸರು ಹೇಳಿದರು. ನಾನು ಯಾರ ಮಾತನ್ನೂ ಕೇಳದೆ ಹರವಿಯಲ್ಲಿದ್ದ ತಣ್ಣೀರನ್ನು ತಂಬಿಗೆ ತಂಬಿಗೆ ಸುರಿದೆ. ಧೈರ್ಯದಿಂದ ಅಲ್ಲ, ಮತ್ತೇನು ಮಾಡಬೇಕೆಂದು ತಿಳಿಯದೆ. ಆಮೇಲೆ ಡಾಕ್ಟರರು "ನೀರು ಹಾಕಿದ್ದು ಯಾರು? ಒಳ್ಳೇ ಕೆಲಸ ಮಾಡಿದ್ರಿ" ಎಂದಾಗ, ಅಂಥ ಹೊತ್ತಿನಲ್ಲೂ ಅತ್ತೆಗೆ ಕೇಳಿಸಿತೋ ಇಲ್ಲವೋ ಎಂದು ಒಂದು ಸಲ ತಿರುಗಿ ನೋಡಿದೆ.

ಡಾಕ್ಟರರು ತುಮಕೂರಿನ ಕಡೆಯ ಹುಡುಗ, ಹೊಸದಾಗಿ ಬಂದವರು, ಸೈಕಲ್ ಮೇಲೆ ಓಡೋಡಿ ಬಂದರು. ನರ್ಸಬಾಯಿ ಅವತ್ತು ಬೇರೆ ಊರಿಗೆ ಸೂಜಿ ಹಾಕಲು ಹೋಗಿದ್ದಳು. ನೀಲಕ್ಕ ಒಳಗಿನ ಕೋಣೆಯಲ್ಲಿ ಬೋರಲು ಮಲಗಿ, "ಗಂಡಸ ಒಳಗ ಬಂದ್ರ ನಾ ಬಾವಿ ನೋಡ್ಕೋತೀನಿ" ಎಂದು ಅಲ್ಲಿಂದಲೇ ಕೂಗಿದಳು. ಕೊನೆಗೆ ನಾಡಿ ನೋಡಲೆಂದು ಬಾಗಿಲಿನಾಚೆಗೆ ಕೈ ಚಾಚಿ ಕೊಟ್ಟಳು, ಹೆಗಲ ಬಳಿ ನಾಲ್ಕು ಬೆರಳಗಲದ ಜಾಗ ತೋರಿಸಿದಳು, ಅಷ್ಟೇ. ಡಾಕ್ಟರರು ವಾದ ಮಾಡಿ ಸೋತು, ಪಡಸಾಲೆಯಲ್ಲಿ ನಿಂತು ನನಗೆ ಹೇಳಿದರು: "ಎಷ್ಟು ಅಗಲ ಸುಟ್ಟಿದೆ ಅಂತ ನಂಗೆ ಗೊತ್ತಾಗ್ಬೇಕು. ಬೆರಳು ಜೋಡ್ಸಿ ಅಂಗೈ ಗಾಯದ ಮೇಲ್ಗಡೆ ಹಿಡೀರಿ, ಮುಟ್ಟಬೇಡಿ. ಎಷ್ಟು ಅಂಗೈ ಆಗುತ್ತೆ ಎಣಿಸ್ಕೊಂಡು ಬನ್ನಿ. ಬರೀ ಕೆಂಪಗಾಗಿರೋದು ಬಿಟ್ಬಿಡಿ, ಗುಳ್ಳೆ ಎದ್ದಿರೋದು ಮಾತ್ರ. ಹತ್ತು ಮುಟ್ಟಿದ್ರೆ ಹುಬ್ಬಳ್ಳಿಗೆ ಹೋಗ್ಲೇಬೇಕು. ಅದಕ್ಕಿಂತ ಕಡಿಮೆ ಇದ್ರೆ ನಾನೇ ನೋಡ್ಕೋತೀನಿ."

ನಾನು ಒಳಗೆ ಹೋಗಿ ಎಣಿಸಿದೆ. ಹೊರಗೆ ಬಂದು "ಹದಿಮೂರು" ಎಂದೆ.

ಡಾಕ್ಟರರ ಮುಖ ಬಿಳಿಚಿತು. ಅತ್ತೆಯ ಮುಖ ಕೆಂಪೇರಿತು.

"ಆಕಿ ಕೈಲೆ ಎಣಸ್ತೀರೇನ್ರಿ? ಆಕಿ ಕೈ ಅಂದ್ರ ಕೋಳಿ ಹೆಜ್ಜಿ! ಆಕಿ ಕೈಲೆ ಅಳದ್ರ ಗುಂಗಾಡಿ ಕಡದಿದ್ದಕ್ಕೂ ಹುಬ್ಬಳ್ಳಿಗೆ ಒಯ್ಯಬೇಕಾಕ್ಕೈತಿ" ಎಂದವರೇ ಅಂಗಳದತ್ತ ತಿರುಗಿ, "ಯಾರರೇ ಭರಮಪ್ಪನ್ನ ಕರೀರಿ ಲಗೂನ!" ಎಂದು ಕೂಗಿದರು.

ಹುಬ್ಬಳ್ಳಿಯ ದೊಡ್ಡ ದವಾಖಾನೆ ಎಂದರೆ ಅತ್ತೆಗೆ ಒಂದೇ ಅರ್ಥ: ಹೋದವರು ಬರುವುದಿಲ್ಲ. ಅಲ್ಲಿಗೆ ಹೋದ ಅವರ ಅಕ್ಕ ತಿರುಗಿ ಬಂದಿರಲಿಲ್ಲ. ಸೊಸೆಯ ಮೇಲಿನ ಪ್ರೀತಿಯಿಂದಲೇ ಅವರು ಅಳತೆಯನ್ನು ಕಡಿಮೆ ಮಾಡಲು ಹೊರಟಿದ್ದರು, ಸಂತೆಯಲ್ಲಿ ಹೂವಿಗೆ ಮಾಡಿದ ಹಾಗೆಯೇ. ದೊಡ್ಡ ಕೈಯಿಂದ ಅಳೆದರೆ ಗಾಯ ಸಣ್ಣದಾಗುತ್ತದೆ ಎಂಬುದರಲ್ಲಿ ಅವರಿಗೆ ಲವಲೇಶವೂ ಸಂಶಯವಿರಲಿಲ್ಲ. ಭರಮಪ್ಪ ಬಂದ. ಅವನು ಒಳಗೆ ಹೋಗುವಂತಿಲ್ಲವಲ್ಲ, ಅದಕ್ಕೂ ಅತ್ತೆಯಲ್ಲಿ ಉಪಾಯವಿತ್ತು. ಗೋಡೆಯ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಮೇಲೆ ಅವನ ಕೈ ಊರಿಸಿ, ಇದ್ದಿಲಿನಿಂದ ಸುತ್ತಲೂ ಗೆರೆ ಎಳೆಸಿ, ಈಳಿಗೆಯ ಮೇಲೆ ಕಾಗದ ಕೊಯ್ದರು.

"ಯವ್ವಾ, ನನ್ನ ಕೈ ಯಾಕ ಕತ್ತರಸಾಕತ್ತೀರಿ? ನಾ ಏನ್ ಮಾಡೇನಿ?" ಎಂದು ಭರಮಪ್ಪ ಗಾಬರಿಯಾಗಿ ಕೇಳಿದ.

"ಬಾಯಿ ಮುಚ್ಚಲೇ, ನಿನ್ನ ಕೈಯಿಂದ ಒಂದು ಜೀವ ಉಳಿಯಾಕತ್ತೈತಿ" ಎಂದು ಅತ್ತೆ ಕಾಗದದ ಕೈ ಹಿಡಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗೆದ್ದವರಂತೆ ಹೊರಬಂದರು. "ಏಳು! ಬರೇ ಏಳು! ನೋಡ್ರಿ, ಏನೂ ಆಗಿಲ್ಲ."

ಡಾಕ್ಟರರು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ನಗಬೇಕೋ ಅಳಬೇಕೋ ಅವರಿಗೆ ತಿಳಿದಂತಿರಲಿಲ್ಲ. "ತಪ್ಪು ನಂದೇ" ಎಂದರು, "ಯಾರ ಅಂಗೈ ಅಂತ ನಾನು ಹೇಳ್ಲಿಲ್ಲ. ಅಮ್ಮಾ, ಇದು ಇವರದ್ದೂ ಅಲ್ಲ, ಅವನದ್ದೂ ಅಲ್ಲ. ಸುಟ್ಟಿರೋದು ಯಾರಿಗೋ ಅವರದ್ದೇ ಅಂಗೈ. ಅವರವರ ಮೈಗೆ ಅವರವರ ಕೈ. ಯಾರನ್ನೇ ತಗೊಳ್ಳಿ, ಅವರ ಅಂಗೈಯಿಂದ ಅವರ ಚರ್ಮ ಅಳೆದ್ರೆ ಹೆಚ್ಚೂಕಡಿಮೆ ನೂರು."

ಅಂಥ ಹೊತ್ತಿನಲ್ಲಿ ನನ್ನ ತಲೆಗೆ ಹೊಕ್ಕದ್ದು ಏನು ಗೊತ್ತೇ? ನೀಲಕ್ಕನೂ ನೂರು, ನಾನೂ ನೂರು! ಆರು ವರ್ಷ ಅವಳ ಒಂದು ಹಿಡಿಯ ಮುಂದೆ ಮುಕ್ಕಾಲಾಗಿ ಬಾಳಿದ ನನಗೆ, ಯಾರೋ ತುಮಕೂರಿನ ಕಡೆಯ ಹುಡುಗ ನಮ್ಮ ಪಡಸಾಲೆಯಲ್ಲಿ ನಿಂತು ಪೂರ್ತಿ ನೂರು ಎಂದು ಹೇಳಿಬಿಟ್ಟಿದ್ದ. ನನ್ನ ತವರಿನಲ್ಲಿ ಒಬ್ಬ ಮುತ್ತಜ್ಜ ಬೇರು ನಾರು ಕೊಡುತ್ತಿದ್ದ. ಅವನು ಹೇಳುತ್ತಿದ್ದ, ಹಳೆಯ ವೈದ್ಯರು ಮನುಷ್ಯನ ಉದ್ದಗಲವನ್ನು ಅವನದೇ ಬೆರಳಿನ ಅಗಲದಿಂದ ಅಳೆಯುತ್ತಿದ್ದರಂತೆ. ಮೂರ್ತಿ ಕಡೆಯುವವರೂ ಹಾಗೆಯೇ, ಕಲ್ಲಿನ ದೇವರಿಗೆ ಆ ದೇವರದೇ ಮುಖ ಅಳತೆ. ಗೇಣುದ್ದದ ನಂದಿಯೂ ಗುಡಿಯಷ್ಟೆತ್ತರದ ನಂದಿಯೂ ತಮ್ಮ ತಮ್ಮ ಲೆಕ್ಕದಲ್ಲಿ ಸಮ. ಚಿಕ್ಕವಳಿದ್ದಾಗ ಇದು ಬೇಸರದ ಮಾತಾಗಿತ್ತು. ದೊಡ್ಡವಳಾಗಿ ಬೇಳೆಯ ನೀರು ಚೆಲ್ಲಿದ ಮನೆಯಲ್ಲಿ ನಿಂತಾಗ ಇಂಥ ನ್ಯಾಯದ ಮಾತು ಲೋಕದಲ್ಲಿ ಇನ್ನೊಂದಿಲ್ಲ ಅನ್ನಿಸಿತು. ಆದರೆ ನನ್ನ ಹೊಟ್ಟೆಕಿಚ್ಚು ಅಷ್ಟು ಬೇಗ ಆರುವಂಥದ್ದಲ್ಲ. ಮರುಗಳಿಗೆಗೇ ಇನ್ನೊಂದು ಮಾತು ಹೊಳೆಯಿತು: ಅದೇ ಬೇಳೆ ನೀರು ನನ್ನ ಮೇಲೆ ಬಿದ್ದಿದ್ದರೆ ಹದಿಮೂರು, ಅವಳ ಮೇಲೆ ಬಿದ್ದರೆ ಕಡಿಮೆ. ಸುಟ್ಟುಕೊಳ್ಳುವುದರಲ್ಲೂ ಅವಳೇ ಮುಂದೆ!

ಇನ್ನೊಂದು ಕ್ಯಾಲೆಂಡರ್ ಹಾಳೆ, ಇನ್ನೊಂದು ಇದ್ದಿಲು. ನಾನು ನೀಲಕ್ಕನ ಮಗ್ಗುಲಲ್ಲಿ ಕೂತು ಅವಳ ಬಲಗೈಯನ್ನು ಬೆರಳು ಜೋಡಿಸಿ ಕಾಗದದ ಮೇಲೆ ಇಟ್ಟೆ. ಆರು ವರ್ಷದಲ್ಲಿ ಆ ಕೈಯನ್ನು ನಾನು ಹಿಡಿದದ್ದು ಅದೇ ಮೊದಲು. ಹಿಟ್ಟು ಇನ್ನೂ ಉಗುರ ಸಂದಿಯಲ್ಲಿತ್ತು. ಗೆರೆ ಎಳೆಯುವಷ್ಟು ಹೊತ್ತು ನಾನು ಆ ಕೈಯನ್ನು ಅಲುಗದಂತೆ ಒತ್ತಿ ಹಿಡಿಯಬೇಕಾಯಿತು, ನನ್ನ ಕೈ ಅದರ ಮೇಲೆ ಮುಕ್ಕಾಲಿಗೇ ಮುಗಿದಿತ್ತು.

ಕೊಯ್ದ ಕಾಗದವನ್ನು ಗಾಯದ ಮೇಲೆ ತೇಲಿಸುತ್ತ ಮೆಲುದನಿಯಲ್ಲಿ ಎಣಿಸಿದೆ. ಬೆನ್ನಿನ ಮೇಲೆ ಏಳು. ಪಕ್ಕೆಗೆ ಎರಡು. ಒಂಬತ್ತು ಸರಿಯಾಗಿ ತುಂಬಿತು. ನಡುವಿನ ಹತ್ತಿರ, ಸೀರೆಯ ಸೆರಗು ಸಿಕ್ಕಿಸಿದ ಜಾಗದಲ್ಲಿ, ಇನ್ನೊಂದು ತುಣುಕು ಉಳಿಯಿತು. ಕಾಗದ ಅಡ್ಡ ಹಿಡಿದೆ, ಉದ್ದ ಹಿಡಿದೆ. ಅರ್ಧ. ಒಂಬತ್ತೂವರೆ. ಹತ್ತು ಮುಟ್ಟಿದರೆ ಹುಬ್ಬಳ್ಳಿ, ಇಲ್ಲದಿದ್ದರೆ ಮೊರಬ.

ಓದುಗರೇ, ನಿಮ್ಮ ಮುಂದೆ ಸುಳ್ಳು ಹೇಳಿ ನನಗೇನು ಆಗಬೇಕಾಗಿದೆ? ಆ ಕೋಣೆಯಿಂದ ಪಡಸಾಲೆಗೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯಲ್ಲಿ ನನ್ನ ಮನಸ್ಸು ಎರಡು ಮಾತು ಆಡಿತು. ಒಂದು: ಇವಳಿಗೆ ಏನಾದರೂ ಆದರೆ ಈ ಮನೆಯಲ್ಲಿ ನನ್ನ ಕೂಡ ಜಗಳ ಆಡುವವರು ಯಾರು, ದೊಡ್ಡ ದವಾಖಾನೆಯೇ ಒಳ್ಳೆಯದು. ಇನ್ನೊಂದು: ಒಂದು ತಿಂಗಳು ಅಡಿಗೆಮನೆ ನನ್ನದು. ಉಪ್ಪು ನನ್ನ ಹಿಡಿಯಿಂದ, ರೊಟ್ಟಿ ನನ್ನ ಅಳತೆಗೆ. ಯಾವ ಮಾತು ಮೊದಲು ಬಂತು ಎಂದು ಕೇಳಬೇಡಿ. ಎರಡೂ ಒಂದೇ ಬಾಗಿಲಲ್ಲಿ ನೂಕಾಡಿಕೊಂಡು ಬಂದವು.

"ಹತ್ತು" ಎಂದೆ.

ಅತ್ತೆ ಅತ್ತರು. ಡಾಕ್ಟರರು ಬೇಳೆಕಾಳು ಹೇರಲು ಬಂದಿದ್ದ ಒಂದು ಟೆಂಪೊ ನಿಲ್ಲಿಸಿ, ಒಳಗೆ ಹಾಸಿಗೆ ಹಾಸಿಸಿ, ಬಾಯಿಗೆ ಉಪ್ಪು ಸಕ್ಕರೆಯ ನೀರು ಕೊಡುತ್ತ ಹೋಗಲು ಹೇಳಿ, ಚೀಟಿ ಬರೆದುಕೊಟ್ಟರು. ಹೊಲದಿಂದ ಓಡಿಬಂದ ಭಾವನವರೂ ಅತ್ತೆಯೂ ಜೊತೆಗೆ ಹೋದರು. ಭರಮಪ್ಪ ಟೆಂಪೊ ಮರೆಯಾಗುವವರೆಗೂ ನಿಂತು, ಆಮೇಲೆ ಕಾಗದದ ತನ್ನ ಕೈಯನ್ನು ನೆಲದಿಂದ ಎತ್ತಿಕೊಂಡು ಜೋಪಾನವಾಗಿ ಮಡಿಸಿ ಕಿಸೆಯಲ್ಲಿಟ್ಟುಕೊಂಡ.

ಆ ತಿಂಗಳು ನಾನು ಬಯಸಿದ ತಿಂಗಳು. ನನ್ನ ಹಿಡಿಯ ಉಪ್ಪು ಹಾಕಿದೆ, ನೀರನ್ನೂ ನನ್ನ ಹಿಡಿಗೆ ತಕ್ಕಂತೆ ಕಡಿಮೆ ಮಾಡಿದೆ. ಸಾರು ಮೊದಲ ಸಲ ಸರಿಯಾಯಿತು. ಆದರೆ ಸಾರು ಸರಿಯಾಗಿದೆ ಎಂದು ಹೇಳಲು ಎದುರಿಗೆ ನೀಲಕ್ಕ ಇಲ್ಲ. ಅವಳ ಸಾರಿಗಿಂತ ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಹೋಲಿಸಲು ಅವಳ ಸಾರು ಇರಲಿಲ್ಲ. ಮಾವನವರು ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಒಬ್ಬಳೇ ಓಡಿ ಮೊದಲನೆಯ ನಂಬರು ಬಂದ ಹಾಗಿತ್ತು ನನ್ನ ಗೆಲುವು.

ಈ ನಡುವೆ ಡಾಕ್ಟರರಿಗೆ ಒಂದು ಹುಚ್ಚು ಹಿಡಿಯಿತು. ಅತ್ತೆಯ ಕ್ಯಾಲೆಂಡರ್ ಹಾಳೆ ನೋಡಿದ ಮೇಲೆ ಅವರಿಗೆ ನಿದ್ದೆ ಬರಲಿಲ್ಲವಂತೆ. ಚೌಕಳಿ ಹಾಳೆಯ ಒಂದು ಪುಸ್ತಕ ತಂದು ದವಾಖಾನೆಗೆ ಬಂದವರ ಕೈಗಳನ್ನೆಲ್ಲ ಬಿಡಿಸಿಕೊಳ್ಳತೊಡಗಿದರು. ಕುರಿ ಕಾಯುವವರದು, ಹತ್ತಿ ಬಿಡಿಸುವವರದು, ಮಾಸ್ತರರದು. ಸರಕಾರ ಕೈ ಬರೆಸಿಕೊಂಡು ಹೊಲ ಕಸಿಯುತ್ತದೆ ಎಂದು ಗಾಳಿಮಾತು ಎದ್ದು ನಾಲ್ಕು ದಿನ ದವಾಖಾನೆಯಲ್ಲಿ ಕೆಮ್ಮುವವರೂ ಇರಲಿಲ್ಲ. ನಾನು ಹೋದಾಗ ನನ್ನದನ್ನೂ ಬಿಡಿಸಿಕೊಂಡರು. "ನಮ್ಮ ಪುಸ್ತಕ ಬರೆದೋರು ಯಾವ ದೇಶದೋರ ಕೈ ನೋಡಿ ಬರೆದ್ರೋ" ಎಂದರು. "ಒಂದು ಅಂಗೈಗೆ ನೂರರಲ್ಲಿ ಒಂದು ಅಂತಾರೆ. ನಂಗೆ ಯಾಕೋ ಅಷ್ಟು ಬರಲ್ಲ ಅನ್ಸತ್ತೆ, ಸ್ವಲ್ಪ ಕಡಿಮೇನೆ. ದಪ್ಪ ಇರೋರಲ್ಲಿ ಇನ್ನೂ ಕಡಿಮೆ. ಮೈ ಬೆಳೆದ ಹಾಗೆ ಕೈ ಬೆಳೆಯಲ್ವಲ್ಲ. ಗಂಡಸು, ಹೆಂಗಸು, ಈ ಸೀಮೆ, ಆ ಸೀಮೆ, ಎಲ್ಲಾ ಒಂದೇ ಲೆಕ್ಕಕ್ಕೆ ಹೇಗೆ ಸಿಗತ್ತೆ?"

ನಾನು ಅಲ್ಲೇ ಲೆಕ್ಕ ಹಾಕತೊಡಗಿದೆ. ಅಂಗೈ ಒಂದಕ್ಕಿಂತ ಕಡಿಮೆಯಾದರೆ ನೀಲಕ್ಕನ ಒಂಬತ್ತೂವರೆ ಎಷ್ಟಾಯಿತು? ಎಂಟಿರಬಹುದು. ಹೋಗಬೇಕಾಗಿಯೇ ಇರಲಿಲ್ಲ. ಅರ್ಧ ಅಂಗೈ ಸುಳ್ಳು ಹೇಳಿ ಅತ್ತೆಯನ್ನು ಅಳುವಂತೆ ಮಾಡಿ, ನೀಲಕ್ಕನನ್ನು ಪರವೂರಿನಲ್ಲಿ ಮಲಗಿಸಿದ್ದೆ. ಅವತ್ತಿನಿಂದ ನನ್ನ ಸಾರು ನನಗೇ ಸೇರಲಿಲ್ಲ.

ಐದು ವಾರಕ್ಕೆ ನೀಲಕ್ಕ ತಿರುಗಿ ಬಂದಳು. ಬರೀ ದವಾಖಾನೆಯ ಚೀಟಿಯಲ್ಲ, ಸುದ್ದಿಯನ್ನೂ ತಂದಳು. ಬೆನ್ನಿನದೆಲ್ಲ ತಾನಾಗಿ ಮಾಯಿತಂತೆ. ನಡುವಿನ ಹತ್ತಿರ, ಬಿಸಿ ಬೇಳೆ ನೀರನ್ನು ಸೆರಗು ಹಿಡಿದಿಟ್ಟುಕೊಂಡ ಆ ಅರ್ಧ ಅಂಗೈ ಜಾಗ ಮಾತ್ರ ಆಳಕ್ಕೆ ಸುಟ್ಟಿತ್ತಂತೆ. ತೊಡೆಯ ಚರ್ಮ ತೆಗೆದು ಅಲ್ಲಿ ಹಚ್ಚಿದರು, ಊರಲ್ಲೇ ಇದ್ದಿದ್ದರೆ ಕೀವಾಗಿ ಕಷ್ಟವಾಗುತ್ತಿತ್ತು ಎಂದರಂತೆ. ಎಲ್ಲರೂ ನನ್ನನ್ನು ಹೊಗಳಿದರು. ಅತ್ತೆಯೂ ಹೊಗಳಿದರು. ನಾನು ಎಣಿಸಿದ್ದು ಅಗಲ ಮಾತ್ರ, ಆಳ ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಬೇಕೆಂದುಕೊಂಡೆ. ಹೊಗಳಿಕೆ ಮುಗಿಯಲಿ ಎಂದು ಕಾದೆ. ಅದು ಬೇಗ ಮುಗಿಯಲಿಲ್ಲ.

ಹೊಸ ಚರ್ಮ ಜಗ್ಗುತ್ತಿದ್ದುದರಿಂದ ನೀಲಕ್ಕನಿಗೆ ತೋಳು ಮೇಲೆತ್ತಲು ಬರುತ್ತಿರಲಿಲ್ಲ. ಅವಳ ತಲೆ ಬಾಚುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಮುಂಜಾನೆ ಕಟ್ಟೆಯ ಮೇಲೆ ನನ್ನ ಮುಂದೆ ಬೆನ್ನು ಮಾಡಿ ಕೂತವಳು ಮೆಲ್ಲಗೆ ಕೇಳಿದಳು:

"ಗಿರಿಜಾ, ಒಂದು ಮಾತು ಕೇಳ್ತೀನಿ, ಖರೆ ಹೇಳ್ತೀ?"

"ಕೇಳು."

"ಒಂಬತ್ತೂವರಿ ಇತ್ತು. ನಾನೂ ಎಣಸಾಕತ್ತಿದ್ದೆ. ಬೋರಲ ಬಿದ್ದಾಕಿಗೆ ಬ್ಯಾರೆ ಏನ್ ಕೆಲಸ? ನೀ ಹತ್ತು ಯಾಕ ಅಂದಿ?"

ಬಾಚಣಿಗೆ ನಿಂತಿತು. ಮುಖ ಕಾಣದಿದ್ದರೆ ಖರೆ ಹೇಳುವುದು ಸುಲಭ.

"ಆ ಅರ್ಧದಾಗ ಅರ್ಧ ನಿನ್ನ ಮ್ಯಾಲಿನ ಕಾಳಜಿ" ಎಂದೆ, "ಉಳದರ್ಧ ಅಡಗಿಮನಿ."

ನೀಲಕ್ಕನ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ನೋಡಿದರೆ ನಗುತ್ತಿದ್ದಳು. "ಅಂದ್ರ ಕಾಲ ಅಂಗೈ ಕಾಳಜಿ ಬಂತಲ್ಲ ಬೇ ನನಗ! ಆರು ವರ್ಷ ಕೂಡಿ ಬಾಳಿದ್ದಕ್ಕ ಕಾಲ ಅಂಗೈ! ಏ, ನಗಸಬ್ಯಾಡ, ಬೆನ್ನು ಜಗ್ಗತೈತಿ" ಎಂದು ಕಣ್ಣೊರೆಸಿಕೊಂಡಳು. ನಗು ನಿಂತ ಮೇಲೆ, "ಸಾಕು ಬಿಡು, ಕಾಲರೇ ಇತ್ತಲ್ಲ. ಅಷ್ಟರಾಗ ನಾ ಉಳದ ಬಂದೀನಿ" ಎಂದಳು.

ನಾನು ಜಡೆ ಹೆಣೆಯಲು ಅವಳ ಕೂದಲನ್ನು ಮೂರು ಭಾಗ ಮಾಡಿದೆ. ಒಂದೊಂದು ಭಾಗವೂ ನನ್ನ ಮುಷ್ಟಿಯಲ್ಲಿ ಹಿಡಿಸದೆ ಆ ಕಡೆ ಈ ಕಡೆ ಜಾರುತ್ತಿತ್ತು. ಇಷ್ಟು ವರ್ಷ ಅವಳ ಕೈ ನೋಡುತ್ತ ಕೂತು, ಇಂಥ ದಪ್ಪ ಕೂದಲನ್ನು ನಾನು ನೋಡಿಯೇ ಇರಲಿಲ್ಲವಲ್ಲ ಎಂದು ನನಗೆ ಆಗ ಹೊಳೆಯಿತು, ಮತ್ತು ನನ್ನ ಹಳೆಯ ಹೊಟ್ಟೆಕಿಚ್ಚು ಹಿತವಾಗಿ ಚುರ್ರೆಂದಿತು.